ಕಲ್ಲಿನ ಒರಟುತನ ಅಳೆಯುವುದು ಹೇಗೆ?

ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆ ಗ್ರಾನೈಟ್ ಕ್ವಾರಿಗಳಿವೆ. ಅಲ್ಲಿನ ಒಡೆದ ಕಲ್ಲಿನ ಒಂದು ತುಂಡು, ಪಾಲಿಶ್ ಮಾಡಿದ ಒಂದು ತುಂಡು ಹೊಂದಿಸಿಕೊಳ್ಳಿ. 'ಇದು ಎಷ್ಟು ಒರಟು?' ಅಂದರೆ ಬರೀ ಒಂದು ಸಂಖ್ಯೆ ಸಾಲದು. ಎಷ್ಟು ಅಂತರದಲ್ಲಿ ಅಳೆದದ್ದು ಅಂತಲೂ ಹೇಳಬೇಕು.

ಮೊದಲು ಒಡೆದ ತುಂಡು. ಒಂದೇ ಎತ್ತರದ ಎರಡು ಮರದ ತುಂಡುಗಳ ಮೇಲೆ ನೇರವಾದ ಅಲ್ಯೂಮಿನಿಯಂ ಪಟ್ಟಿ ಇಡಿ. ಪಟ್ಟಿ ಕಲ್ಲಿಗೆ ಸಮಾನಾಂತರವಾಗಿರಲಿ. ಕಲ್ಲು ವಾಲಿದ್ದರೆ ಆ ಇಳಿಜಾರೂ ಒರಟುತನದ ಲೆಕ್ಕಕ್ಕೆ ಸೇರಿಬಿಡುತ್ತದೆ. ಹೆಚ್ಚಿನ ತಪ್ಪು ಆಗುವುದು ಇಲ್ಲೇ.

ವರ್ನಿಯರ್ ಕ್ಯಾಲಿಪರ್‌ನ ಹಿಂದಿನ ಕಡ್ಡಿ ಇಳಿಸಿ, 5 ಮಿ.ಮೀ.ಗೊಂದು ಕಡೆ ಪಟ್ಟಿಯಿಂದ ಕಲ್ಲಿನವರೆಗಿನ ಆಳ ಬರೆದುಕೊಳ್ಳಿ. ಉದಾಹರಣೆಗೆ 3.0, 3.2, 3.7, 4.2, 3.8 ಮಿ.ಮೀ. ಬಂತು ಅನ್ನಿ. ಪಕ್ಕಪಕ್ಕದ ವ್ಯತ್ಯಾಸ 0.2, 0.5, 0.5, 0.4. ಸರಾಸರಿ 0.4. ಈಗ ಒಂದು ಬಿಟ್ಟು ಒಂದು, ಅಂದರೆ 10 ಮಿ.ಮೀ. ಅಂತರದಲ್ಲಿ ನೋಡಿ: 0.7, 1.0, 0.1. ಸರಾಸರಿ 0.6. ಅಂತರ ಎರಡು ಪಟ್ಟಾಯಿತು, ವ್ಯತ್ಯಾಸ ಒಂದೂವರೆ ಪಟ್ಟು ಮಾತ್ರ. ಹೀಗೇ 20, 40 ಮಿ.ಮೀ.ಗೂ ಲೆಕ್ಕ ಹಾಕಿ. ಅದಕ್ಕೆ ಐದು ಬಿಂದು ಸಾಲುವುದಿಲ್ಲ, ನಲವತ್ತಾದರೂ ಬೇಕು. ಎರಡೂ ಅಕ್ಷಗಳಲ್ಲಿ 1, 10, 100 ಸಮ ಅಂತರದಲ್ಲಿ ಬರುವ ಲಾಗ್ ಗ್ರಾಫ್ ಹಾಳೆಯಲ್ಲಿ ಅಂತರ ಮತ್ತು ಸರಾಸರಿ ವ್ಯತ್ಯಾಸ ಗುರುತಿಸಿದಾಗ ಬಿಂದುಗಳು ನೇರ ಗೆರೆಗೆ ಬಂದರೆ ಅಂತರ ಹೆಚ್ಚಿದಂತೆ ಒರಟುತನ ಎಷ್ಟು ಬೇಗ ಬೆಳೆಯುತ್ತದೆ ಅಂತ ಆ ಗೆರೆಯ ಓರೆಯೇ ಹೇಳುತ್ತದೆ. ಇಷ್ಟು ಚೆಂದದ ವಿಷಯ ಬರೀ ಕಡ್ಡಿಯೊಂದರಿಂದ ಸಿಗುತ್ತದೆ, ಶಾಲೆಗಳಲ್ಲಿ ಖಂಡಿತ ಮಾಡಿಸಬೇಕು.

ಪಾಲಿಶ್ ತುಂಡಿಗೆ ಈ ಕಡ್ಡಿ ನಡೆಯದು. ವರ್ಕ್‌ಶಾಪ್‌ಗಳಲ್ಲಿರುವ ರಫ್‌ನೆಸ್ ಟೆಸ್ಟರ್ ಬೇಕು. ಅದರ ವಜ್ರದ ಮೊನೆ ಮೇಲ್ಮೈ ಮೇಲೆ ನಿಧಾನವಾಗಿ ಹರಿಯುತ್ತದೆ. ಕಟ್-ಆಫ್ (ಇದಕ್ಕಿಂತ ಅಗಲವಾದ ಅಲೆಗಳನ್ನು ಲೆಕ್ಕಕ್ಕೆ ಹಿಡಿಯದ ಮಿತಿ) 0.8 ಮಿ.ಮೀ. ಇಟ್ಟರೆ ಸಾಮಾನ್ಯವಾಗಿ ಅಂಥ ಐದು ಅಳತೆ, ಒಟ್ಟು 4 ಮಿ.ಮೀ. ಲೆಕ್ಕಕ್ಕೆ ಬರುತ್ತದೆ. ಕಪ್ಪು ಅಭ್ರಕದ ಚುಕ್ಕೆ ಸಿಕ್ಕ ಕಡೆ ಯಂತ್ರ ತೋರಿಸುವ ಗೆರೆ ಥಟ್ಟನೆ ಕೆಳಗಿಳಿಯಬಹುದು. ಅಭ್ರಕ ಪದರಪದರವಾಗಿ ಏಳುವುದರಿಂದ ಪಾಲಿಶ್ ಮಾಡುವಾಗ ಅಲ್ಲಿ ಕುಳಿ ಬೀಳುತ್ತದೆ. ಕಟ್-ಆಫ್ ಅನ್ನು 0.25ಕ್ಕೆ ಇಳಿಸಿ ಮತ್ತೆ ಅಳೆಯಿರಿ, ರೀಡಿಂಗ್ ಬದಲಾಗುತ್ತದೆ. ಯಂತ್ರ ಕೆಟ್ಟಿಲ್ಲ. ಅಗಲವಾದ ಅಲೆಗಳನ್ನು ಅದು ಈಗ ಬಿಟ್ಟುಬಿಟ್ಟಿದೆ, ಅಷ್ಟೇ. ಅದಕ್ಕೇ ರೀಡಿಂಗ್ ಪಕ್ಕದಲ್ಲಿ ಕಟ್-ಆಫ್ ಬರೆಯದಿದ್ದರೆ ಎರಡು ಸ್ಲ್ಯಾಬ್ ಹೋಲಿಸಲು ಆಗುವುದಿಲ್ಲ.

ಮೊನೆಗೂ ಮಿತಿ ಇದೆ. ಅದರ ತುದಿಯ ದುಂಡು ಕೆಲವು ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದ ಒಂದು ಭಾಗ), ಅದಕ್ಕಿಂತ ಕಿರಿದಾದ ಸೀಳಿಗೆ ಇಳಿಯಲಾರದು. ಇನ್ನೂ ಸೂಕ್ಷ್ಮ ಬೇಕಾದರೆ 1986ರಲ್ಲಿ ವಿಜ್ಞಾನಿಗಳಾದ ಬಿನ್ನಿಗ್, ಕ್ವೇಟ್, ಗರ್ಬರ್ ರೂಪಿಸಿದ, ಅತಿ ಸೂಕ್ಷ್ಮ ಮೊನೆಯಿಂದ ಮೇಲ್ಮೈ ತಡವಿ ಅಳೆಯುವ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್ ಇದೆ. ಅದು ನೋಡುವ ಜಾಗ ಸಾಮಾನ್ಯವಾಗಿ ಸುಮಾರು 100 ಮೈಕ್ರಾನ್ ಅಗಲ. ಗ್ರಾನೈಟ್‌ನ ಹರಳುಗಳು ಅದಕ್ಕಿಂತ ಎಷ್ಟೋ ದೊಡ್ಡವು. ಹಾಗಾಗಿ ಬಿಳಿ, ಕೆಂಪು, ಕಪ್ಪು ಹರಳುಗಳ ಮೇಲೆ ಬೇರೆಬೇರೆಯಾಗಿ ಅಳೆಯಿರಿ.