ಹಳೇ ಗ್ರಾಫಿಕ್ ಈಕ್ವಲೈಜರ್ ಜೋಡಿಸುವ ಬಗೆ

ಗ್ರಾಫಿಕ್ ಈಕ್ವಲೈಜರ್ ಅಂದರೆ ಧ್ವನಿಯ ಬೇರೆಬೇರೆ ಪಟ್ಟಿಗಳನ್ನು (ಬ್ಯಾಂಡ್) ಒಂದೊಂದು ಸ್ಲೈಡರ್‌ನಿಂದ ಏರಿಸಿ ಇಳಿಸುವ ಪೆಟ್ಟಿಗೆ. ಮೊದಲು ಆಂಪ್ಲಿಫೈಯರ್ ಹಿಂದೆ ಟೇಪ್ ಮಾನಿಟರ್ ಜಾಕ್‌ಗಳಿವೆಯಾ (ಸಿಗ್ನಲ್ ಹೊರಗಿನ ಉಪಕರಣಕ್ಕೆ ಹೋಗಿ ವಾಪಸ್ ಬರುವ ದಾರಿ) ನೋಡಿ. ಇದ್ದರೆ ಕೆಲಸ ಸುಲಭ. ಆಂಪ್‌ನ ಟೇಪ್ ಔಟ್‌ನಿಂದ ಈಕ್ವಲೈಜರ್‌ನ ಲೈನ್ ಇನ್‌ಗೆ ಒಂದು ಜೊತೆ ಆರ್‌ಸಿಎ ಕೇಬಲ್ (ಸಾಮಾನ್ಯವಾಗಿ ಕೆಂಪು-ಬಿಳಿ ತುದಿಯ ಆಡಿಯೋ ಕೇಬಲ್), ಅದರ ಲೈನ್ ಔಟ್‌ನಿಂದ ಆಂಪ್‌ನ ಟೇಪ್ ಇನ್‌ಗೆ ಇನ್ನೊಂದು ಜೊತೆ. ಆಮೇಲೆ ಟೇಪ್ ಮಾನಿಟರ್ ಗುಂಡಿ ಒತ್ತಿ. ಒತ್ತದಿದ್ದರೆ ಸ್ಲೈಡರ್ ಎಷ್ಟು ಆಡಿಸಿದರೂ ಧ್ವನಿ ಬದಲಾಗುವುದಿಲ್ಲ.

ಸ್ಪೀಕರ್ ವೈರನ್ನು ಮಾತ್ರ ಈಕ್ವಲೈಜರ್‌ಗೆ ಎಂದೂ ಕೊಡಬೇಡಿ, ಸುಟ್ಟುಹೋಗಬಹುದು.

ರೆಕಾರ್ಡಿಂಗ್‌ಗೆ ನಾನು ಬೇರೆ ದಾರಿ ಹಿಡಿಯುತ್ತೇನೆ. ಹಾಡನ್ನು ಮೊದಲು ಹಾಗೇ ರೆಕಾರ್ಡ್ ಮಾಡಿಕೊಂಡು, ಆಮೇಲೆ ಆಡಿಯೋ ಇಂಟರ್‌ಫೇಸ್‌ನ (ಕಂಪ್ಯೂಟರ್‌ಗೆ ಧ್ವನಿ ಒಳಗೆ-ಹೊರಗೆ ಮಾಡುವ ಪೆಟ್ಟಿಗೆ) ಲೈನ್ ಔಟ್‌ನಿಂದ ಈಕ್ವಲೈಜರ್‌ಗೆ ಕಳಿಸಿ, ವಾಪಸ್ ಇಂಟರ್‌ಫೇಸ್‌ನ ಲೈನ್ ಇನ್‌ಗೆ ತರುತ್ತೇನೆ. ಮೈಕ್ ಇನ್‌ಗೆ ಅಲ್ಲ! ಮೂಲ ರೆಕಾರ್ಡಿಂಗ್ ಉಳಿದಿರುತ್ತದೆ, ಇಷ್ಟವಾಗದಿದ್ದರೆ ಮತ್ತೆ ಮಾಡಬಹುದು ಅಲ್ವಾ? ವಾಪಸ್ ಬರುವ ಟ್ರ್ಯಾಕ್ ಮತ್ತೆ ಅದೇ ಔಟ್‌ಗೆ ಹೋಗದಂತೆ ಅದರ ಮಾನಿಟರಿಂಗ್ (ರೆಕಾರ್ಡ್ ಆಗುತ್ತಿರುವಾಗಲೇ ಕೇಳಿಸುವುದು) ಆಫ್ ಮಾಡಿ. ಇಲ್ಲದಿದ್ದರೆ ಜೋರಾಗಿ ಕೂಗುತ್ತದೆ.

ಲೆವೆಲ್ (ಸಿಗ್ನಲ್ ಎಷ್ಟು ಜೋರು ಅನ್ನುವುದು) ಕಡೆ ತುಂಬಾ ಗಮನ ಇರಲಿ. ಸ್ಟುಡಿಯೋ ಉಪಕರಣಗಳ ಲೆವೆಲ್ ಸುಮಾರು 1.23 ವೋಲ್ಟ್, ಈ ಈಕ್ವಲೈಜರ್‌ನಂಥ ಮನೆಯ ಉಪಕರಣಗಳದ್ದು ಸುಮಾರು 0.316 ವೋಲ್ಟ್. ಹತ್ತಿರ ಹತ್ತಿರ 12 ಡೆಸಿಬಲ್ ವ್ಯತ್ಯಾಸ. ಹಾಗಾಗಿ ಇಂಟರ್‌ಫೇಸ್‌ನ ಔಟ್‌ಪುಟ್ ತಗ್ಗಿಸಿಯೇ ಶುರುಮಾಡಿ. ಸ್ಲೈಡರ್‌ಗಳನ್ನೂ ಸುಮ್ನೆ ಏರಿಸಬೇಡಿ. 6 ಡೆಸಿಬಲ್ ಏರಿಸಿದರೆ ಆ ಪಟ್ಟಿಯಲ್ಲಿ ಆಂಪ್ ನಾಲ್ಕು ಪಟ್ಟು ಪವರ್ ಕೊಡಬೇಕಾಗುತ್ತದೆ. ಜಾಸ್ತಿ ಕೇಳುತ್ತಿರುವುದನ್ನು ಇಳಿಸುವುದೇ ನನಗೆ ಸರಿ ಅನ್ನಿಸುತ್ತದೆ.

ಸ್ಲೈಡರ್ ಕರಕರ ಅಂದರೆ ಪವರ್ ಆಫ್ ಮಾಡಿ, ಪ್ಲಗ್ ತೆಗೆದು, ಫೇಡರ್‌ಗೆಂದೇ (ಸ್ಲೈಡರ್‌ಗೆ) ಇರುವ ಕ್ಲೀನರ್ ಸ್ವಲ್ಪ ಹಾಕಿ, ಮೇಲೆ ಕೆಳಗೆ ಚೆನ್ನಾಗಿ ಆಡಿಸಿ. ಪೂರ್ತಿ ಒಣಗಿದ ಮೇಲಷ್ಟೇ ಆನ್ ಮಾಡಿ.