ಹಂಚುವ ಮನಸ್ಸಿದ್ದರೆ ಸಾಲದು, ಬರೆದೂ ಇಡಬೇಕು

ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದೆಲ್ಲ ಎಲ್ಲರದ್ದು ಅಂದುಕೊಂಡವರು ಕೆಲವರು. ಎರಡು ಸಾಲು ಎತ್ತಿಕೊಂಡರೂ ಕೋರ್ಟು ಮೆಟ್ಟಿಲು ಹತ್ತಬೇಕಾದೀತು ಅಂತ ಹೆದರಿ ಕೂತವರು ಇನ್ನು ಕೆಲವರು. ಆಕಾಶ ನೋಡುವ ಹವ್ಯಾಸಿಗಳ ನಮ್ಮ ಗುಂಪಿನಲ್ಲಿ ಎರಡೂ ಪಂಗಡದವರಿದ್ದಾರೆ. ಹೊಸಬರಿಗಾಗಿ ನಾವು ತರುವ ಕಿರುಪುಸ್ತಕದ ಚಿತ್ರ, ನಕ್ಷೆ, ಬರಹ ಎಲ್ಲಿಂದ ಬಂತು, ಹಾಕಬಹುದೋ ಬಾರದೋ ಅಂತ ನೋಡುವ ಕೆಲಸ ನನ್ನದು. ಯಾರೂ ಕೈ ಎತ್ತಲಿಲ್ಲವಾದ್ದರಿಂದ ನನ್ನ ಪಾಲಿಗೆ ಬಂತು. ಈಗ ಬಿಡು ಅಂದರೂ ಬಿಡುವುದಿಲ್ಲ. ಆ ಪುಸ್ತಕವನ್ನೇ ಮುಂದಿಟ್ಟುಕೊಂಡು, ಎಲ್ಲರ ಕಣಜದಿಂದ ತೆಗೆದುಕೊಳ್ಳುವುದು ಹೇಗೆ, ಅದಕ್ಕೆ ನಮ್ಮ ಪಾಲು ಸುರಿಯುವುದು ಹೇಗೆ ಅಂತ ಹೇಳುತ್ತೇನೆ. ನಾನು ವಕೀಲಳಲ್ಲ. ದುಡ್ಡು, ದಾವೆ ಇರುವ ಕಡೆ ವಕೀಲರನ್ನೇ ಕೇಳಿ.

ಯಾವುದಕ್ಕೆ ಒಡೆಯರೇ ಇಲ್ಲ ಅಂತ ಮೊದಲು ಬೇರ್ಪಡಿಸಿ

ಲುಬ್ಧಕ ನಕ್ಷತ್ರ ನಮ್ಮಿಂದ ಸುಮಾರು 8.6 ಜ್ಯೋತಿರ್ವರ್ಷ ದೂರದಲ್ಲಿದೆ. ಆಕಾಶವನ್ನು 88 ನಕ್ಷತ್ರಪುಂಜಗಳಾಗಿ ಹಂಚಿದ್ದಾರೆ. ಈ ಸಂಗತಿಗಳು ಯಾವ ಪುಸ್ತಕದಲ್ಲಿ ಕಣ್ಣಿಗೆ ಬಿದ್ದರೂ ಆ ಪುಸ್ತಕದವರ ಸ್ವತ್ತಲ್ಲ. ಕಾಪಿರೈಟ್ ಕಾಯುವುದು ಹೇಳಿದ ರೀತಿಯನ್ನು, ಹೇಳಿದ ವಿಷಯವನ್ನಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದ 9ನೇ ವಿಧಿಯಲ್ಲೇ ಇದು ಇದೆ: ವಿಚಾರ, ವಿಧಾನ, ಗಣಿತದ ಪರಿಕಲ್ಪನೆಗಳಿಗೆ ಕಾಪಿರೈಟ್ ಇಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 19ನೇ ಶತಮಾನದಷ್ಟು ಹಿಂದೆಯೇ, ಲೆಕ್ಕ ಬರೆಯುವ ಒಂದು ಪದ್ಧತಿಯ ಪುಸ್ತಕದ ಜಗಳದಲ್ಲಿ, ಪುಸ್ತಕ ನಿನ್ನದು, ಪದ್ಧತಿ ಮಾತ್ರ ಎಲ್ಲರದ್ದು ಅಂತ ತೀರ್ಪು ಕೊಟ್ಟಿತ್ತು. 1991ರಲ್ಲಿ ಅದೇ ಕೋರ್ಟ್ ಟೆಲಿಫೋನ್ ಡೈರೆಕ್ಟರಿಯ ಹೆಸರು–ನಂಬರುಗಳಿಗೂ ಇದೇ ಮಾತು ಹೇಳಿತು. ಕಷ್ಟಪಟ್ಟು ಕಲೆಹಾಕಿದ ಮಾತ್ರಕ್ಕೆ ಸಂಗತಿಗಳು ಸ್ವಂತದ್ದಾಗುವುದಿಲ್ಲ. ಯುರೋಪಿನಲ್ಲಿ ಮಾತ್ರ ದತ್ತಾಂಶ ಸಂಗ್ರಹಗಳಿಗೆ 15 ವರ್ಷದ ಪ್ರತ್ಯೇಕ ಹಕ್ಕಿದೆ; ಅಲ್ಲಿನ ಪಟ್ಟಿಯನ್ನು ಇಡಿಯಾಗಿ ಎತ್ತುವವರು ಎಚ್ಚರವಾಗಿರಬೇಕು.

ಹಾಗಂತ ಬೇರೆಯವರ ಪ್ಯಾರಾ ಎತ್ತಿ ಅಲ್ಲೊಂದು ಇಲ್ಲೊಂದು ಪದ ಬದಲಿಸಿದರೆ ನಡೆಯುವುದಿಲ್ಲ. ನಮ್ಮ ಬರಹಗಾರರಿಗೆ ನಾನು ಹೇಳುವುದು ಇಷ್ಟು: ಎರಡು ಮೂರು ಕಡೆ ಓದಿ, ಎಲ್ಲವನ್ನೂ ಮುಚ್ಚಿಡಿ, ಎದುರಿಗೆ ಕೂತ ಹೊಸಬರಿಗೆ ಹೇಳುವ ಹಾಗೆ ಬರೆಯಿರಿ, ಆಮೇಲೆ ಅಂಕಿಗಳನ್ನು ಮಾತ್ರ ತೆರೆದು ತಾಳೆ ನೋಡಿ. ಹೀಗೆ ಬರೆದದ್ದು ಕಾನೂನಿಗೂ ಸರಿ, ಓದಲೂ ಚೆನ್ನ. ಟೀಕೆಗೋ ಚರ್ಚೆಗೋ ನಾಲ್ಕು ಸಾಲು ಉದ್ಧರಿಸಿ ಹೆಸರು ಹೇಳಿದರೆ ಬಹುತೇಕ ಎಲ್ಲ ದೇಶಗಳಲ್ಲೂ ಅಡ್ಡಿಯಿಲ್ಲ.

ಪೇಟೆಂಟ್ ಬೇರೆ ಸಂಗತಿ. ಅದು ಕೆಲಸ ಮಾಡುವ ಉಪಾಯವನ್ನೇ ಕಾಯುತ್ತದೆ, ಆದರೆ ಅರ್ಜಿ ಹಾಕಿದ ದಿನದಿಂದ 20 ವರ್ಷ ಮಾತ್ರ; ಉಪಾಯವನ್ನು ಬಿಡಿಸಿ ಬರೆದು ಪ್ರಕಟಿಸಬೇಕೆಂಬ ಷರತ್ತೂ ಇದೆ. ಅವಧಿ ಮುಗಿದ ಪೇಟೆಂಟುಗಳ ರಾಶಿ ಯಾರೂ ಮುಟ್ಟದೆ ಬಿದ್ದಿರುವ ಚಿನ್ನ. ದೂರದರ್ಶಕದ ಸ್ಟ್ಯಾಂಡ್ ಮನೆಯಲ್ಲೇ ಮಾಡಿಕೊಳ್ಳುವ ನಮ್ಮ ಗೆಳೆಯರೊಬ್ಬರು ಕಾದಂಬರಿ ಓದಿದ ಹಾಗೆ ಅವನ್ನು ಓದುತ್ತಾರೆ.

ಸುಮ್ಮನಿದ್ದರೆ ಬೀಗ ಹಾಕಿದ ಹಾಗೆ

ಈ ಒಂದು ವಿಷಯ ತಲೆಗೆ ಹೋದರೆ ಅರ್ಧ ಗೊಂದಲ ಮುಗಿಯಿತು. 1886ರ ಬರ್ನ್ ಒಪ್ಪಂದ ಇಂದು ಹೆಚ್ಚುಕಡಿಮೆ ಇಡೀ ಜಗತ್ತನ್ನು ಕಟ್ಟಿಹಾಕಿದೆ. ಅದರ ಪ್ರಕಾರ ಬರೆದ ಗಳಿಗೆಯಿಂದಲೇ ಕಾಪಿರೈಟ್ ಹುಟ್ಟುತ್ತದೆ. ನೋಂದಣಿ ಬೇಡ, ಗುರುತು ಬೇಡ, ಕೇಳಿಕೊಳ್ಳುವುದೂ ಬೇಡ. ಆದ್ದರಿಂದ ಒಂದು ಚಿತ್ರದ ಕೆಳಗೆ ಏನೂ ಬರೆದಿಲ್ಲ ಅಂದರೆ ‘ಬಳಸಬೇಡಿ’ ಅಂತಲೇ ಓದಿಕೊಳ್ಳಬೇಕು. ನಿಮ್ಮ ಬರಹಕ್ಕೂ ಇದೇ ಅನ್ವಯ. ಯಾರು ಬೇಕಾದರೂ ಬಳಸಲಿ ಅಂತ ಮನಸ್ಸಿನಲ್ಲಿ ಅಂದುಕೊಂಡು ಬಾಯಿ ಬಿಡದಿದ್ದರೆ, ನೀವು ಸತ್ತು ಹಲವು ದಶಕ ಕಳೆಯುವವರೆಗೂ ಅದಕ್ಕೆ ಬೀಗವೇ.

ಎಷ್ಟು ದಶಕ? ಬರ್ನ್ ಹೇಳುವ ಕನಿಷ್ಠ ಅವಧಿ ಲೇಖಕರ ಮರಣದ ನಂತರ 50 ವರ್ಷ. ಭಾರತದಲ್ಲಿ 60, ಯುರೋಪಿನ ಒಕ್ಕೂಟದಲ್ಲಿ 70. ಮರಣದ ಮುಂದಿನ ಜನವರಿ 1ರಿಂದ ಎಣಿಸಿ. ಅಮೆರಿಕದಲ್ಲಿ ಹಳೆಯ ಕೃತಿಗಳಿಗೆ ಪ್ರಕಟವಾದ ವರ್ಷದಿಂದ 95ರ ಲೆಕ್ಕ. 1928ರಲ್ಲಿ ಬಂದದ್ದು 2024ರ ಜನವರಿ 1ಕ್ಕೆ ಮುಕ್ತವಾಯಿತು. ಒಂದೇ ಪುಸ್ತಕ ಒಂದು ದೇಶದಲ್ಲಿ ಮುಕ್ತ, ಇನ್ನೊಂದರಲ್ಲಿ ಅಲ್ಲ ಅನ್ನುವುದು ಇದರಿಂದಲೇ. ಇನ್ನೊಂದು ತೊಡಕು: ಸಾವಿರ ವರ್ಷ ಹಳೆಯ ಖಗೋಳ ಗ್ರಂಥ ಎಲ್ಲರದ್ದೇ, ಅದರ ನಿನ್ನೆ ಮೊನ್ನೆಯ ಅನುವಾದ, ಟಿಪ್ಪಣಿ, ಮುನ್ನುಡಿ ಅನುವಾದಕರದ್ದು. ಮೂಲ ಹಳೆಯದೆಂದು ಮುದ್ರಿತ ಪುಟವನ್ನೇ ಸ್ಕ್ಯಾನ್ ಮಾಡಿ ಹಾಕಬೇಡಿ.

ಚಿತ್ರದ ಹುಟ್ಟೂರು ಹುಡುಕಿ

ನಮಗೆ ಬರುವ ಚಿತ್ರಗಳಲ್ಲಿ ಬಹುಪಾಲು ‘ನಾಸಾದ್ದು, ಫ್ರೀ’ ಅನ್ನುವ ಷರಾದೊಂದಿಗೇ ಬರುತ್ತವೆ. ಅಮೆರಿಕದ ಕೇಂದ್ರ ಸರ್ಕಾರದ ನೌಕರರು ಕೆಲಸದ ಭಾಗವಾಗಿ ಮಾಡಿದ್ದಕ್ಕೆ ಆ ದೇಶದಲ್ಲಿ ಕಾಪಿರೈಟ್ ಇಲ್ಲ. ಹಾಗಾಗಿ ನಾಸಾದ ಚಿತ್ರಗಳು ಸಾಮಾನ್ಯವಾಗಿ ಮುಕ್ತವೇ. ಅದರ ಲಾಂಛನ ಮಾತ್ರ ಮುಟ್ಟುವ ಹಾಗಿಲ್ಲ. ಆದರೆ ನಾಸಾದ ದಿನಕ್ಕೊಂದು ಖಗೋಳ ಚಿತ್ರದ ಪುಟದಲ್ಲಿ ಬರುವ ಎಷ್ಟೋ ಫೋಟೋಗಳು ಹವ್ಯಾಸಿ ಛಾಯಾಗ್ರಾಹಕರವು. ಅಲ್ಲಿ ಹೆಸರಿನ ಪಕ್ಕ ‘ಕಾಪಿರೈಟ್’ ಅಂತ ಇದ್ದರೆ ಅವರನ್ನೇ ಕೇಳಬೇಕು. ಯುರೋಪಿನ ದಕ್ಷಿಣ ವೀಕ್ಷಣಾಲಯ, ಅಂದರೆ ಈಎಸ್‌ಒ, ತನ್ನ ಚಿತ್ರಗಳನ್ನು ಸಾಮಾನ್ಯವಾಗಿ ಸಿಸಿ ಬೈ 4.0 ಲೈಸೆನ್ಸಿನಲ್ಲಿ ಕೊಡುತ್ತದೆ. ಸಿಸಿ ಅಂದರೆ ಕ್ರಿಯೇಟಿವ್ ಕಾಮನ್ಸ್, ಇಂತಿಂಥ ಷರತ್ತಿನ ಮೇಲೆ ಯಾರು ಬೇಕಾದರೂ ಬಳಸಿ ಅಂತ ಮೊದಲೇ ಬರೆದುಕೊಡುವ ಸಿದ್ಧ ಅನುಮತಿ; ಮುಂದೆ ಬಿಡಿಸಿ ಹೇಳುತ್ತೇನೆ. ಅದನ್ನು ಬಳಸಬಹುದು, ಹೆಸರು ಬಿಡುವಂತಿಲ್ಲ.

ವಾಟ್ಸಾಪಿನಲ್ಲಿ ಬಂದ ಚಿತ್ರವಾದರೆ ಚಿತ್ರದಿಂದಲೇ ಹುಡುಕುವ ಸರ್ಚ್‌ಗೆ ಹಾಕಿ, ಅತಿ ಹಳೆಯ, ಅತಿ ದೊಡ್ಡ ಪ್ರತಿ ಇರುವ ಪುಟದವರೆಗೆ ಹೋಗಿ. ಅಲ್ಲಿ ಲೈಸೆನ್ಸಿನ ಸಾಲು ಓದಿ. ಓದಿದ್ದನ್ನು ಬರೆದಿಡಿ. ನನ್ನ ಸ್ಪ್ರೆಡ್‌ಶೀಟಿನಲ್ಲಿ ಏನು, ಯಾರದ್ದು, ಮೂಲ ಪುಟದ ಕೊಂಡಿ, ಲೈಸೆನ್ಸಿನ ಹೆಸರು ಮತ್ತು ಆವೃತ್ತಿ, ನೋಡಿದ ದಿನಾಂಕ, ನಾವೇನು ಬದಲಿಸಿದೆವು ಅನ್ನುವ ಕಾಲಂಗಳಿವೆ. ಮೂಲ ಪುಟದ ಒಂದು ಪ್ರತಿಯನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸುತ್ತೇನೆ, ನಾಳೆ ಆ ಪುಟವೇ ಮಾಯವಾದರೆ ಸಾಕ್ಷಿ ಬೇಕಲ್ಲ. ದಿನಾಂಕದ ಕಾಲಂ ಯಾಕೆ ಅಂತ ಗುಂಪಿನಲ್ಲಿ ಈಗಲೂ ಕೇಳುತ್ತಾರೆ. ಉತ್ತರಿಸಿ ಸಾಕಾಗಿದೆ, ತುಂಬಿ ಅಂತಷ್ಟೇ ಹೇಳುತ್ತೇನೆ.

ಎರಡಕ್ಷರಗಳನ್ನು ಓದುವುದು

ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸುಗಳು 2002ರ ಕೊನೆಗೆ ಬಂದವು. ಈಗ ನಡೆಯುತ್ತಿರುವುದು 2013ರ 4.0 ಆವೃತ್ತಿ. ‘ಬೈ’ ಇದ್ದರೆ ಹೆಸರು ಹೇಳಬೇಕು. ‘ಎಸ್‌ಎ’ ಇದ್ದರೆ ನೀವು ತಿದ್ದಿ ಮಾಡಿದ್ದನ್ನೂ ಅದೇ ಲೈಸೆನ್ಸಿನಲ್ಲಿ ಬಿಡಬೇಕು. ‘ಎನ್‌ಸಿ’ ಅಂದರೆ ವ್ಯಾಪಾರಕ್ಕಿಲ್ಲ. ‘ಎನ್‌ಡಿ’ ಅಂದರೆ ಬದಲಿಸಿ ಹಂಚುವಂತಿಲ್ಲ. 2009ರಲ್ಲಿ ಬಂದ ಸಿಸಿ ಝೀರೋದಲ್ಲಿ ಯಾವ ಷರತ್ತೂ ಇಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರು ಎನ್‌ಡಿ ಕಂಡರೆ ಅಲ್ಲೇ ನಿಲ್ಲಿ. ಅನುವಾದವೂ ಬದಲಾವಣೆಯೇ. ಅಂಥ ಲೇಖನವನ್ನು ಇದ್ದ ಭಾಷೆಯಲ್ಲಿ ಹಂಚಬಹುದು, ಕನ್ನಡಕ್ಕೆ ತಂದು ಹಂಚುವಂತಿಲ್ಲ. ‘ಮುಕ್ತ’ ಅನ್ನುವ ಹಣೆಪಟ್ಟಿ ಹೊತ್ತು ಎನ್‌ಡಿಯಲ್ಲಿ ಬರುವ ಶೈಕ್ಷಣಿಕ ಸಾಮಗ್ರಿ ನೋಡಿದರೆ ನನಗೆ ರೇಗುತ್ತದೆ. ಇಂಗ್ಲಿಷ್ ಬಲ್ಲವರಿಗಷ್ಟೇ ಅದು ಮುಕ್ತ.

ವಿಕಿಪೀಡಿಯದ ಬರಹ ಬೈ-ಎಸ್‌ಎ. ಅದನ್ನು ಅನುವಾದಿಸಿದರೆ ನಿಮ್ಮ ಅನುವಾದವೂ ಬೈ-ಎಸ್‌ಎ. ಇದನ್ನು ಬೈ-ಎನ್‌ಸಿ-ಎಸ್‌ಎ ಬರಹದ ಜೊತೆ ಕಲಸಿ ಒಂದು ಪ್ಯಾರಾ ಮಾಡಲು ಬರುವುದಿಲ್ಲ. ಎರಡೂ ತನ್ನದೇ ಲೈಸೆನ್ಸು ಬೇಕೆಂದು ಹಟ ಹಿಡಿಯುತ್ತವೆ. ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಬೇರೆ ಬೇರೆ ತುಣುಕುಗಳಾಗಿ ಇಡಬಹುದು, ಪ್ರತಿಯೊಂದಕ್ಕೂ ಅದರದರ ಸಾಲು ಹಾಕಿದರೆ ಸರಿ.

ಆ ಸಾಲು ನಮ್ಮ ಪುಸ್ತಕದಲ್ಲಿ ಹೀಗಿರುತ್ತದೆ: ‘ಚಿತ್ರ: ಓರಾಯನ್ ನೀಹಾರಿಕೆ. ಕೃಪೆ: ಈಎಸ್‌ಒ. ಲೈಸೆನ್ಸ್: ಸಿಸಿ ಬೈ 4.0. ಅಂಚು ಕತ್ತರಿಸಿ, ನಕ್ಷತ್ರಗಳ ಹೆಸರನ್ನು ಕನ್ನಡದಲ್ಲಿ ಸೇರಿಸಿದ್ದೇವೆ.’ ಜೊತೆಗೆ ಮೂಲ ಪುಟದ ಕೊಂಡಿ, ಲೈಸೆನ್ಸಿನ ಕೊಂಡಿ. ಮೂಲದಲ್ಲಿ ಕೃಪೆಯ ಹೆಸರುಗಳು ಉದ್ದಕ್ಕಿದ್ದರೆ ಉದ್ದಕ್ಕೇ ಹಾಕಿ. ‘ಚಿತ್ರ: ಇಂಟರ್ನೆಟ್’, ‘ಚಿತ್ರಕೃಪೆ: ಗೂಗಲ್’ ಅಂತ ಬರೆಯುವುದಕ್ಕಿಂತ ಏನೂ ಬರೆಯದಿರುವುದು ವಾಸಿ, ಸುಳ್ಳಾದರೂ ತಪ್ಪುತ್ತದೆ.

ಕೇಳುವುದು ಹೇಗೆ

ಹಿರಿಯ ಛಾಯಾಗ್ರಾಹಕರೊಬ್ಬರು ‘ಅದಕ್ಕೇನಮ್ಮಾ, ಹಾಕ್ಕೋ’ ಅಂದರೆ ಅನುಮತಿ ಸಿಕ್ಕಿದ್ದು ನಿಮಗೊಬ್ಬರಿಗೆ. ನಿಮ್ಮ ಪುಸ್ತಕದಿಂದ ಮುಂದೆ ಬಳಸುವವರಿಗೆ ಸಿಗಲಿಲ್ಲ. ಆದ್ದರಿಂದ ಮುಜುಗರವಾದರೂ ಪೂರ್ತಿ ಬಿಡಿಸಿ ಕೇಳಿ. ನಾನು ಕಳಿಸುವುದು ಇದು:

‘ನಮಸ್ಕಾರ ಸರ್. ನಿಮ್ಮ ಚಂದ್ರಗ್ರಹಣದ ಫೋಟೋ ನಮ್ಮ ಕಿರುಪುಸ್ತಕಕ್ಕೆ ಬೇಕಿತ್ತು. ಪುಸ್ತಕ ಸಿಸಿ ಬೈ-ಎಸ್‌ಎ 4.0ರಲ್ಲಿ ಬರುತ್ತದೆ. ಅಂದರೆ ನಿಮ್ಮ ಹೆಸರು ಹಾಕಿ ಯಾರು ಬೇಕಾದರೂ ಈ ಫೋಟೋ ಬಳಸಬಹುದು, ತಿದ್ದಬಹುದು, ಮಾರಲೂಬಹುದು. ಒಮ್ಮೆ ಕೊಟ್ಟ ಮೇಲೆ ಹಿಂದಕ್ಕೆ ಪಡೆಯಲು ಬರುವುದಿಲ್ಲ. ಒಪ್ಪಿಗೆಯಿದ್ದರೆ “ಈ ಫೋಟೋ ತೆಗೆದವನು ನಾನೇ, ಇದನ್ನು ಸಿಸಿ ಬೈ-ಎಸ್‌ಎ 4.0ರಲ್ಲಿ ಕೊಡುತ್ತಿದ್ದೇನೆ” ಅಂತ ಇದಕ್ಕೇ ಉತ್ತರಿಸಿ. ಬೇಡ ಅನಿಸಿದರೂ ಖಂಡಿತ ಬೇಸರವಿಲ್ಲ.’

‘ಮಾರಲೂಬಹುದು’ ಅನ್ನುವುದನ್ನು ಬಿಟ್ಟು ಕಳಿಸೋಣ ಅಂತ ಗುಂಪಿನಲ್ಲಿ ಸಲಹೆ ಬರುತ್ತಿರುತ್ತದೆ. ಬಿಡುವುದಿಲ್ಲ. ಆ ಮಾತು ಓದಿಯೂ ಒಪ್ಪಿದವರದ್ದೇ ನಿಜವಾದ ಒಪ್ಪಿಗೆ. ‘ನಿಮ್ಮ ಪುಸ್ತಕಕ್ಕೆ ಮಾತ್ರ’ ಅಂದವರ ಚಿತ್ರವನ್ನೂ ಹಾಕಬಹುದು, ಕೆಳಗೆ ‘ಅನುಮತಿ ಪಡೆದು ಬಳಸಿದೆ, ಪುಸ್ತಕದ ಲೈಸೆನ್ಸಿಗೆ ಸೇರಿಲ್ಲ’ ಅಂತ ಬರೆದು.

ಕೊಡುವ ಮುನ್ನ

ನಿಮ್ಮದೇ ಬರಹ ಕೊಡುವಾಗ, ಅದು ನಿಮ್ಮದೇನಾ ಅಂತ ಖಚಿತ ಮಾಡಿಕೊಳ್ಳಿ. ನೌಕರಿಯ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಸಂಸ್ಥೆಯದ್ದು. ನಾಲ್ವರು ಸೇರಿ ಬರೆದಿದ್ದರೆ ನಾಲ್ವರೂ ಒಪ್ಪಬೇಕು. ಫೋಟೋದಲ್ಲಿ ಮಕ್ಕಳ ಮುಖವಿದ್ದರೆ ಕಾಪಿರೈಟ್ ನಿಮ್ಮದೇ ಇದ್ದರೂ ಮನೆಯವರನ್ನು ಕೇಳಿ.

ನಮ್ಮ ಪುಸ್ತಕಕ್ಕೆ ನಾನು ಹಟ ಮಾಡಿ ಆರಿಸಿದ್ದು ಬೈ-ಎಸ್‌ಎ. ‘ಯಾರೋ ಅಚ್ಚು ಹಾಕಿಸಿ ದುಡ್ಡು ಮಾಡಿಕೊಂಡರೆ?’ ಅಂತ ಎನ್‌ಸಿ ಪರವಾದ ವಾದ ಜೋರಾಗಿಯೇ ಇತ್ತು. ಮಾಡಿಕೊಳ್ಳಲಿ. ಅವರು ತಿದ್ದಿದ್ದೂ ಎಲ್ಲರಿಗೂ ಸಿಗಬೇಕು, ಎಸ್‌ಎ ಅಷ್ಟನ್ನು ನೋಡಿಕೊಳ್ಳುತ್ತದೆ. ಎನ್‌ಸಿ ಹಾಕಿದರೆ ಜೆರಾಕ್ಸ್ ಖರ್ಚು ವಸೂಲಿ ಮಾಡುವ ಮೇಷ್ಟರೂ ಹಿಂದೆ ಮುಂದೆ ನೋಡುತ್ತಾರೆ, ವಿಕಿಪೀಡಿಯದ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್ ಅಂತೂ ತೆಗೆದುಕೊಳ್ಳುವುದೇ ಇಲ್ಲ. ಗ್ರಹಣಗಳ ದಿನಾಂಕದಂಥ ಕೋಷ್ಟಕಗಳಿಗೆ ಸಿಸಿ ಝೀರೋ. ಸಾಫ್ಟ್‌ವೇರಿಗೆ ಈ ಲೈಸೆನ್ಸುಗಳು ಹೊಂದುವುದಿಲ್ಲ, ಅಲ್ಲಿ ಸಾಫ್ಟ್‌ವೇರಿಗೆಂದೇ ಇರುವ ಜಿಪಿಎಲ್ ಅಥವಾ ಎಂಐಟಿ ಲೈಸೆನ್ಸು ನೋಡಿ.

ಲೈಸೆನ್ಸಿನ ಸಾಲನ್ನು ಪುಸ್ತಕದ ಒಳಗೇ ಹಾಕಿ. ಪಿಡಿಎಫ್ ಒಂದನ್ನೇ ಬಿಡಬೇಡಿ. ತಿದ್ದಲು ಬರುವ ಕಡತವನ್ನೂ ಕೊಡಿ. ಬರಹ ಯೂನಿಕೋಡ್‌ನಲ್ಲಿರಲಿ. ಹಳೆಯ ಫಾಂಟುಗಳ ಕನ್ನಡ ಕಣ್ಣಿಗೆ ಕನ್ನಡ, ಸರ್ಚ್‌ಗೆ ಗೀಚು. ಕನಿಷ್ಠ ಎರಡು ಕಡೆ ಇಡಿ, ಇಂಟರ್ನೆಟ್ ಆರ್ಕೈವ್ ಒಂದಿರಲಿ.

ಎಲ್ಲವನ್ನೂ ಸುರಿಯಲೂ ಬಾರದು. ಮೀನುಗಾರರು, ಕುರಿಗಾಹಿಗಳು ಹೇಳುವ ನಕ್ಷತ್ರಗಳ ಹೆಸರು, ಕತೆಗಳನ್ನು ಸೇರಿಸೋಣ ಅಂತ ನಮ್ಮಲ್ಲಿ ಮಾತು ಬಂದಾಗ ನಾನು ಅರಿಸಿನದ ಕತೆ ತೆಗೆದೆ. ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಸಿಕ್ಕಿತ್ತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ, ಅಂದರೆ ಸಿಎಸ್‌ಐಆರ್, ಅಚ್ಚಾದ ದಾಖಲೆಗಳನ್ನು ಮುಂದಿಟ್ಟು ವಾದಿಸಿದ ಮೇಲೆ 1997ರಲ್ಲಿ ರದ್ದಾಯಿತು. ಹೊರದೇಶದ ಬಾಯಿಮಾತಿನ ತಿಳಿವಳಿಕೆಯನ್ನು ಆಗಿನ ಅಮೆರಿಕದ ಕಾನೂನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಅಚ್ಚಾಗಿದ್ದರೆ ಮಾತ್ರ ಬೆಲೆ. ಬರೆದಿಡಲು ಇದಕ್ಕಿಂತ ಕಾರಣ ಬೇಕಿಲ್ಲ. ಆದರೆ ಹೇಳಿದವರನ್ನು ಕೇಳಿಯೇ ಬರೆಯಬೇಕು, ಯಾರಿಂದ ಕೇಳಿದ್ದು ಅಂತ ಅವರು ಬಯಸಿದರೆ ಹಾಕಬೇಕು, ಇದು ಹೊರಗೆ ಹೋಗುವುದು ಬೇಡ ಅಂದರೆ ಅಲ್ಲಿಗೇ ಬಿಡಬೇಕು. ಕೆಲವು ಕತೆಗಳನ್ನು ನಾವು ಹಾಗೆ ಬಿಟ್ಟಿದ್ದೇವೆ.

ಕೊಟ್ಟ ಮೇಲೆ ನಿಮ್ಮ ಹೆಸರು ಕಿತ್ತು ಯಾರಾದರೂ ಬಳಸಿಯೇ ಬಳಸುತ್ತಾರೆ. ಸಿಸಿ 4.0ರಲ್ಲಿ ಷರತ್ತು ಮುರಿದವರ ಹಕ್ಕು ಅಲ್ಲಿಗೇ ಮುಗಿಯುತ್ತದೆ. ಗೊತ್ತಾದ 30 ದಿನಗಳೊಳಗೆ ಸರಿಪಡಿಸಿದರೆ ತಾನಾಗಿ ಮರಳುತ್ತದೆ. ಆದ್ದರಿಂದ ಮೊದಲ ಪತ್ರದಲ್ಲೇ ಕೋರ್ಟಿನ ಮಾತು ಎತ್ತುವುದಿಲ್ಲ. ಹಾಕಬೇಕಾದ ಸಾಲನ್ನು ನಾನೇ ಟೈಪು ಮಾಡಿ, ಕೊಂಡಿಗಳ ಸಮೇತ ಕಳಿಸುತ್ತೇನೆ, ಅವರು ಅಂಟಿಸಿದರೆ ಸಾಕು.