ಐಸ್ ಪ್ಲಾಂಟಿನ ರೈಟರ್ ಬರೆದ ಕಡಲಾಮೆ ಲೆಕ್ಕ

ಕಡಲಾಮೆ ಕೆಲಸ ಮಾಡುತ್ತೇನೆ ಎಂದರೆ ಎಲ್ಲರೂ ಮೊದಲು ಕೇಳುವುದು ಮರಿ ಬಿಡುವ ರಾತ್ರಿಯ ಬಗ್ಗೆ. ಅಂಥ ರಾತ್ರಿ ವರ್ಷದಲ್ಲಿ ಕೆಲವೇ ಕೆಲವು. ಉಳಿದ ಹೊತ್ತೆಲ್ಲ ಹೋಗುವುದು ಫೋನ್ ಎತ್ತುವುದರಲ್ಲಿ, ಬೋಟು ನಿಲ್ಲುವ ಧಕ್ಕೆಯಲ್ಲಿ ಕೂತು ಮಾತಾಡುವುದರಲ್ಲಿ, ಆಮೇಲೆ ಪುಸ್ತಕದಲ್ಲಿ ಬರೆದಿಡುವುದರಲ್ಲಿ. ಈ ಮೂರರಲ್ಲಿ ಯಾರಿಗೂ ಬೇಡದ್ದು ಬರೆದಿಡುವ ಕೆಲಸ. ನನಗೆ ಅದೇ ದೊಡ್ಡದು.

ನಾನು ಪ್ರಾಣಿಶಾಸ್ತ್ರ ಓದಿದವನಲ್ಲ. ಕುಂದಾಪುರ ಕಡೆಯ ಒಂದು ಐಸ್ ಪ್ಲಾಂಟಿನಲ್ಲಿ ರೈಟರ್. ಯಾವ ಬೋಟಿಗೆ ಎಷ್ಟು ಐಸ್ ಹೋಯಿತು, ಯಾರ ಬಾಕಿ ಎಷ್ಟು ಎಂದು ಬರೆಯುವುದು ಹೊಟ್ಟೆಪಾಡು. ಹಾಗಾಗಿ ಬೋಟು ನಡೆಸುವ ತಂಡೇಲರೆಲ್ಲ ಪರಿಚಯ, ಬೆಳಗಿನ ಜಾವ ನಾಲ್ಕಕ್ಕೆ ಏಳುವುದೂ ರೂಢಿ. ಈ ಕೆಲಸಕ್ಕೆ ಬೇಕಾದ ಅರ್ಹತೆ ಬಹುಪಾಲು ಇಷ್ಟೇ.

ಒಡಿಶಾದ ಗಹಿರ್ಮಠ, ಋಷಿಕುಲ್ಯಾದಲ್ಲಿ ಆಲಿವ್ ರಿಡ್ಲೆ ಆಮೆಗಳು ಲಕ್ಷಗಟ್ಟಲೆ ಒಟ್ಟಿಗೆ ಮೊಟ್ಟೆಯಿಡಲು ಬರುತ್ತವೆ. ಅಲ್ಲಿ ಜಾಗ ಗೊತ್ತು, ಕಾಲ ಗೊತ್ತು, ಕಾವಲು ಹಾಕಬಹುದು. ನಮ್ಮ ಕಡೆ ಹಾಗಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇವತ್ತು ಇಲ್ಲೊಂದು, ಇನ್ನೊಂದು ದಿನ ಮೂರು ಮೈಲಿ ಆಚೆ ಮತ್ತೊಂದು. ರಾತ್ರಿ ಮೇಲೆ ಬಂದು, ಹಿಂಗಾಲಲ್ಲಿ ಒಂದೂವರೆ ಅಡಿ ಗುಂಡಿ ತೋಡಿ, ನೂರು ನೂರಿಪ್ಪತ್ತು ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ ಹೊಟ್ಟೆಯಿಂದ ಬಡಿದು ಹೋಗಿಬಿಡುತ್ತದೆ. ಎಲ್ಲ ಸೇರಿ ಒಂದು ಗಂಟೆಯ ಕೆಲಸ. ಅಷ್ಟುದ್ದದ ಮರಳನ್ನು ರಾತ್ರಿಯಿಡೀ ಕಾಯುವಷ್ಟು ಮಂದಿ ಅರಣ್ಯ ಇಲಾಖೆಯಲ್ಲೂ ಇಲ್ಲ, ನಮ್ಮಂಥ ಹವ್ಯಾಸಿಗಳಲ್ಲೂ ಇಲ್ಲ.

ಹಾಗಾದರೆ ಆಮೆ ಹತ್ತಿದ ಜಾಡನ್ನು ಮೊದಲು ಕಾಣುವವರು ಯಾರು? ನಸುಕಿಗೇ ಕೈರಂಪಣಿ ಬಲೆ ಎಳೆಯಲು ಬರುವವರು, ಮೀನು ಒಣಗಿಸಲು ಜಾಗ ಹಿಡಿಯುವ ಹೆಂಗಸರು, ನಾಡದೋಣಿ ಇಳಿಸುವವರು. ಮತ್ತೆ, ಮೊಟ್ಟೆ ಮಾರುವವರು. ನಾವು ಮೊದಲ ವರ್ಷದಿಂದಲೂ ಹಿಂದೆ ಬಿದ್ದದ್ದು ಈ ಕೊನೆಯವರ ಹಿಂದೆಯೇ, ಹಿಡಿದುಕೊಡುವುದಕ್ಕಲ್ಲ, ಕಲಿಯುವುದಕ್ಕೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಇರುವ ಪ್ರಾಣಿ ಇದು, ಮೊಟ್ಟೆ ಮುಟ್ಟಿದರೂ ಜೈಲು ಎಂದು ಬೋರ್ಡು ಹಾಕಿದ್ದರು. ಬೋರ್ಡು ನೋಡಿ ಮೊಟ್ಟೆ ಬಿಟ್ಟವರನ್ನು ನಾನು ಕಂಡಿಲ್ಲ. ಆದರೆ ಒಬ್ಬ ಹಿರಿಯರು ಮರಳಿನ ಮೇಲೆ ಅಂಗಾಲು ಊರಿಯೇ ಗುಂಡಿ ಎಲ್ಲಿದೆ ಎಂದು ಹೇಳುತ್ತಿದ್ದರು. ಒತ್ತಿದಲ್ಲಿ ಮೆತ್ತಗಾದರೆ ಕೆಳಗೆ ಗೂಡು. ನಾವು ಅರ್ಧ ಗಂಟೆ ತಡಕಾಡುತ್ತಿದ್ದುದನ್ನು ಅವರು ಕ್ಷಣದಲ್ಲಿ ಮುಗಿಸುತ್ತಿದ್ದರು. ಅವರಿಗೆ ಗೂಡಿಗಿಷ್ಟು ಎಂದು ಹಣ ಕೊಡುವುದಾಗಿ ಮಾತಾಯಿತು. ಮೊಟ್ಟೆ ಮಾರಿದರೆ ಸಿಗುತ್ತಿದ್ದುದಕ್ಕಿಂತ ತುಸು ಹೆಚ್ಚು, ಮೇಲೆ ಪೊಲೀಸರ ಭಯವಿಲ್ಲ. ದುಡ್ಡು ಕೊಟ್ಟು ಮಾಡಿಸುವ ಪ್ರೀತಿ ಎಂಥ ಪ್ರೀತಿ ಎಂದು ಬೆಂಗಳೂರಿನಿಂದ ಬಂದ ಒಬ್ಬರು ಕೇಳಿದರು. ಬೆಳಗಿನ ಜಾವ ಎದ್ದು ನಾಲ್ಕು ಮೈಲಿ ನಡೆಯುವವನಿಗೆ ಕೂಲಿ ಕೊಡುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಪ್ರೀತಿಯ ಮಾತು ಬೇರೆ.

ಫೋನಿನ ವಿಷಯದಲ್ಲಿ ಒಂದೇ ನಿಯಮ ಮಾಡಿಕೊಂಡೆವು. ಕರೆ ಬಂದರೆ ಯಾರಾದರೊಬ್ಬರು ಹೋಗಲೇಬೇಕು, ಸುಳ್ಳು ಜಾಡಾದರೂ ಸರಿ. ಆಮೆ ಎಷ್ಟೋ ಸಲ ಮೇಲೆ ಬಂದು, ನಾಯಿಯನ್ನೋ ಬೆಳಕನ್ನೋ ಕಂಡು, ಮೊಟ್ಟೆಯಿಡದೆ ತಿರುಗಿ ಹೋಗುತ್ತದೆ. "ರೈಟ್ರೆ, ಆಮಿ ಹತ್ತಿದ್ ಜಾಡ್ ಇತ್ತ್, ನಾಯಿ ಬಪ್ಪುಕೆ ಮುಂಚೆ ಬನ್ನಿ" ಎಂದು ಕರೆದವರಿಗೆ, ಹೋಗಿ ನೋಡಿ ಗೂಡಿಲ್ಲವೆಂದು ಗೊತ್ತಾದ ಮೇಲೂ, ಚಾ ಕುಡಿಸಿ ಬರಬೇಕು. ಒಂದು ಸಲ ಫೋನ್ ಎತ್ತದಿದ್ದರೆ ಆ ಮನುಷ್ಯ ಮತ್ತೆ ಕರೆಯುವುದಿಲ್ಲ.

ಜಾಡು ನೋಡಲು ಕಲಿಯುವುದು ಕಷ್ಟವಲ್ಲ. ರಿಡ್ಲೆ ಒಂದು ಕಾಲಾದ ಮೇಲೊಂದು ಕಾಲು ಹಾಕುತ್ತದೆ, ಹಾಗಾಗಿ ಎರಡೂ ಬದಿಯ ಗುರುತು ಹಿಂದೆಮುಂದೆ. ಅಗಲ ಸುಮಾರು ಎರಡೂವರೆ ಅಡಿ. ಹಸಿರು ಕಡಲಾಮೆಯಾದರೆ ಎರಡೂ ಕಾಲನ್ನು ಒಟ್ಟಿಗೆ ಊರಿ ಮೈ ಎಳೆಯುವುದರಿಂದ ಗುರುತು ಎರಡೂ ಕಡೆ ಸಮ. ಕಷ್ಟವಿರುವುದು ಆಮೇಲಿನ ತೀರ್ಮಾನದಲ್ಲಿ: ಗೂಡನ್ನು ಅಲ್ಲಿಯೇ ಬಿಡುವುದೋ, ತೆಗೆದು ಬೇರೆಡೆ ಹೂಳುವುದೋ. ಸಾಗಿಸುವುದಿದ್ದರೆ ಮೊಟ್ಟೆಯಿಟ್ಟ ಕೆಲವೇ ಗಂಟೆಗಳೊಳಗೆ ಆಗಬೇಕು. ತಡವಾದರೆ ಒಳಗಿನ ಭ್ರೂಣ ಸಿಪ್ಪೆಗೆ ಅಂಟಿಕೊಳ್ಳುತ್ತದೆ, ಮೊಟ್ಟೆ ಸ್ವಲ್ಪ ತಿರುಗಿದರೂ ಸಾಯುತ್ತದೆ. ಅದಕ್ಕೇ ಇಲಾಖೆಯವರು ಬರುವವರೆಗೆ ಯಾರೂ ಮುಟ್ಟಬಾರದು ಎನ್ನುವುದು. ಇನ್ನೊಂದು ಸಂಗತಿ, ಮರಿ ಹೆಣ್ಣೋ ಗಂಡೋ ಎಂಬುದನ್ನು ಮರಳಿನ ಬಿಸಿಯೇ ತೀರ್ಮಾನಿಸುತ್ತದೆ. ಸುಮಾರು 29–30 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ ಏರಿದಷ್ಟೂ ಹೆಣ್ಣು ಹೆಚ್ಚು, ಇಳಿದಷ್ಟೂ ಗಂಡು ಹೆಚ್ಚು. ಬಿಸಿಲಲ್ಲಿ ನೆರಳಿಲ್ಲದ ಬೇಲಿ ಕಟ್ಟಿ ಊರಿನ ಮೊಟ್ಟೆಗಳನ್ನೆಲ್ಲ ಅಲ್ಲಿ ತಂದು ಹೂತರೆ ನಮ್ಮ ಉತ್ಸಾಹವೇ ಒಂದು ತಲೆಮಾರಿನ ಲೆಕ್ಕ ಕೆಡಿಸಬಹುದು. ಅಲೆ ಬಂದು ಕೊಚ್ಚುವ ಜಾಗದಲ್ಲಿ ಇದ್ದರೆ ಮಾತ್ರ ಸಾಗಿಸಬೇಕು, ಇಲ್ಲದಿದ್ದರೆ ಮೇಲೆ ಬಲೆಯ ಬೇಲಿ ಹಾಕಿ ಅಲ್ಲೇ ಬಿಡಬೇಕು ಎನ್ನುವ ಗುಂಪಿಗೆ ಸೇರಿದವನು ನಾನು. ನರಿ, ನಾಯಿಗೆ ಬೇಲಿ ಸಾಕು. ಏಡಿಗೆ ಸಾಲದು, ಇರಲಿ.

ನಲವತ್ತೈದರಿಂದ ಅರವತ್ತು ದಿನಕ್ಕೆ ಮರಿ ಹೊರಬರುತ್ತವೆ. ಈ ಹಂತದಲ್ಲಿ ತೊಂದರೆ ಕೊಡುವವರು ಕಳ್ಳರಲ್ಲ, ಅಭಿಮಾನಿಗಳು. ಮರಿಗಳನ್ನು ಬುಟ್ಟಿಯಲ್ಲಿ ಹೊತ್ತು ನೀರಿಗೆ ಬಿಡುವ ಪುಣ್ಯದ ಆಸೆ ಎಲ್ಲರಿಗೂ. ಮೊಟ್ಟೆಯೊಡೆದು ಬಂದ ಮರಿಯ ಹೊಟ್ಟೆಯಲ್ಲಿ ಉಳಿದ ಹಳದಿಯೇ ಅದರ ಬುತ್ತಿ. ಅದನ್ನು ನಂಬಿಕೊಂಡು ಮೊದಲ ಒಂದು ದಿನ ಬಿಡದೆ ಈಜಿ, ದಡದ ಹಸಿದ ಬಾಯಿಗಳನ್ನು ದಾಟಿ ಆಳಕ್ಕೆ ಹೋಗಬೇಕು. ಮುಖ್ಯ ಅತಿಥಿಗಳು ಬರಲಿ ಎಂದು ಟಬ್ಬಿನಲ್ಲಿ ಇಟ್ಟ ಮರಿ ಆ ಬುತ್ತಿಯನ್ನು ಟಬ್ಬಿನ ಗೋಡೆಗೆ ಈಜಿಯೇ ಮುಗಿಸುತ್ತದೆ. ಅತಿಥಿಗಳಿಗೆ ಫೋಟೋ ಸಿಗುತ್ತದೆ. ನಾವು ಈಗ ಆಹ್ವಾನ ಪತ್ರಿಕೆಯನ್ನೇ ಮಾಡುವುದಿಲ್ಲ. ಮರಿ ಎದ್ದ ಹೊತ್ತಿಗೆ ಯಾರಿದ್ದಾರೋ ಅವರೇ ಅತಿಥಿಗಳು. ಅವರೂ ಬೇಲಿಯ ಹಿಂದೆ ನಿಲ್ಲಬೇಕು, ಫ್ಲ್ಯಾಶ್ ಇಲ್ಲ, ಟಾರ್ಚಿಗೆ ಕೆಂಪು ಕಾಗದ. ಮರಿ ಮರಳ ಮೇಲೆ ತಾನೇ ನಡೆದು ಹೋಗಬೇಕು.

ಬೆಳಕಿನದು ಬೇರೆಯೇ ಕಥೆ. ದಿಗಂತದಲ್ಲಿ ಹೆಚ್ಚು ಬೆಳಕಿರುವ ಕಡೆಗೆ ಮರಿ ಹೋಗುತ್ತದೆ. ಮೊದಲೆಲ್ಲ ಅದು ಸಮುದ್ರವೇ ಆಗಿತ್ತು. ಈಗ ಹೈಮಾಸ್ಟ್ ದೀಪ, ರೆಸಾರ್ಟಿನ ಸರಮಾಲೆ. ರಸ್ತೆಗೆ ಬಂದು ಟಯರಿಗೆ ಸಿಕ್ಕ ಮರಿಗಳನ್ನು ಎತ್ತಿದ್ದೇವೆ. ಪಂಚಾಯಿತಿಗೆ ಅರ್ಜಿ ಕೊಟ್ಟೆವು. ಒಂದು ದೀಪದ ಮುಖ ತಿರುಗಿಸಲು ಅರ್ಜಿಗಿಂತ ವಯರ್‌ಮ್ಯಾನ್ ಜೊತೆಗಿನ ಸ್ನೇಹವೇ ಹೆಚ್ಚು ಕೆಲಸಕ್ಕೆ ಬಂತು.

ಆದರೆ ಇದಿಷ್ಟನ್ನೂ ಸರಿಯಾಗಿ ಮಾಡಿದರೂ ಆಮೆ ಉಳಿಯುತ್ತದೆಂದು ಹೇಳಲಾಗದು. ಸಾವಿರ ಮರಿಯಲ್ಲಿ ಒಂದು ದೊಡ್ಡದಾದೀತು ಎಂಬ ಅಂದಾಜಿದೆ. ಹಾಗೆ ದೊಡ್ಡದಾಗಿ, ಹತ್ತು ಹದಿನೈದು ವರ್ಷ ಬದುಕಿ, ಮೊಟ್ಟೆಯಿಡಲು ಬಂದ ಹೆಣ್ಣು ಬಲೆಯಲ್ಲಿ ಉಸಿರುಕಟ್ಟಿ ಸತ್ತರೆ ನಾವು ಕಾದ ಎಷ್ಟೋ ಗೂಡುಗಳ ಲೆಕ್ಕ ಒಂದೇ ದಿನಕ್ಕೆ ಚುಕ್ತಾ. ಆಮೆಗೆ ಕಿವಿರು ಇಲ್ಲ, ಮೇಲೆ ಬಂದು ಉಸಿರಾಡಬೇಕು. ಟ್ರಾಲ್ ಬಲೆ ಗಂಟೆಗಟ್ಟಲೆ ನೀರಡಿಯಲ್ಲಿ ಎಳೆದರೆ ಅದಕ್ಕೆ ದಾರಿಯಿಲ್ಲ. ಹಾಗಾಗಿ ಶಾಲೆಗಳಲ್ಲಿ ಭಾಷಣ ಮಾಡುವುದನ್ನು ಕಡಿಮೆ ಮಾಡಿ ನಾನು ಧಕ್ಕೆಗೇ ಹೆಚ್ಚು ಅಂಟಿಕೊಂಡೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಚಿತ್ರ ಬರೆಯುತ್ತಾರೆ, ಒಳ್ಳೆಯದೇ. ಬಲೆ ಇರುವುದು ಅವರ ಅಪ್ಪಂದಿರ ಕೈಯಲ್ಲಿ.

ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಆಮೆ ತಪ್ಪಿಸಿಕೊಳ್ಳುವ ಸಾಧನವೊಂದನ್ನು ಮಾಡಿದೆ. ಟ್ರಾಲ್ ಬಲೆಯ ಗಂಟಲಲ್ಲಿ ಕಂಬಿಗಳ ಚೌಕಟ್ಟು. ಸಿಗಡಿ ಕಂಬಿಗಳ ನಡುವೆ ಒಳಗೆ ಹೋಗುತ್ತದೆ, ಆಮೆ ಕಂಬಿಗೆ ತಾಗಿ ಪಕ್ಕದ ಕಿಂಡಿಯಿಂದ ಹೊರಬೀಳುತ್ತದೆ. ಇದನ್ನು ಬಳಸದ ದೇಶದ ಕಡಲ ಸಿಗಡಿಯನ್ನು ಅಮೆರಿಕ ಕೊಳ್ಳುವುದಿಲ್ಲ, 2019ರಲ್ಲಿ ನಮ್ಮ ಸಿಗಡಿಗೂ ಆ ಬಾಗಿಲು ಮುಚ್ಚಿತು. ಇದನ್ನೆಲ್ಲ ವಿವರಿಸಿದಾಗ ಒಬ್ಬ ತಂಡೇಲರು ಪೂರ್ತಿ ಕೇಳಿಸಿಕೊಂಡು, "ಹೇಳುದ್ ಸಮ ಇತ್ತ್ ರೈಟ್ರೆ. ಆರೆ ಕಿಂಡಿಯಂಗೆ ಮೀನ್ ಹೋರೆ ಡೀಸೆಲಿಗೆ ದುಡ್ಡ್ ಯಾರ್ ಕೊಡ್ತ್ರ್?" ಎಂದರು. ಅವರ ಬೋಟಿನ ಐಸ್ ಬಾಕಿ ನನ್ನ ಪುಸ್ತಕದಲ್ಲೇ ಇದೆ. ಆ ಪ್ರಶ್ನೆಯನ್ನು ಹಗುರಾಗಿ ತೆಗೆದುಕೊಳ್ಳುವ ಹಕ್ಕು ನನಗಿರಲಿಲ್ಲ.

ಅದಕ್ಕೆ ಉತ್ತರ ಬೇರೆ ರಾಜ್ಯಗಳಲ್ಲಿ ಸ್ವಲ್ಪ ಸಿಕ್ಕಿದೆ. ಮಹಾರಾಷ್ಟ್ರದಲ್ಲಿ 2018ರಿಂದ, ರಕ್ಷಿತ ಕಡಲಪ್ರಾಣಿಯನ್ನು ಬಿಡಿಸಲು ಬಲೆ ಕತ್ತರಿಸಿದರೆ 25,000 ರೂಪಾಯಿವರೆಗೆ ಪರಿಹಾರ ಕೊಡುತ್ತಾರೆ. ಗುಜರಾತಿನ ವೆರಾವಲ್ ಕಡೆ ತಿಮಿಂಗಿಲ ಶಾರ್ಕನ್ನು ಎಣ್ಣೆಗೂ ಮಾಂಸಕ್ಕೂ ಬೇಟೆಯಾಡುತ್ತಿದ್ದರು. 2001ರಲ್ಲಿ ಕಾನೂನು ಬಂದರೂ ವಿಷಯ ಮೀನುಗಾರರ ಮನೆಯೊಳಗೆ ಹೋದದ್ದು 2004ರ ಪ್ರಚಾರದಿಂದ. ಕಥಾವಾಚಕ ಮೊರಾರಿ ಬಾಪು ಅದನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಿ ಮಾತಾಡಿದರು. ಬಸುರಿ ಮಗಳನ್ನು ಕೊಲ್ಲುವ ಮನೆ ಯಾವುದು? ಅಲ್ಲಿಯೂ ಬಲೆಗೆ ಪರಿಹಾರವಿದೆ, ಬಿಡಿಸಿದ್ದಕ್ಕೆ ಮೀನುಗಾರರೇ ಫೋಟೋ ತೆಗೆದು ಸಾಕ್ಷಿ ಕೊಡುತ್ತಾರೆ. ಮಾತು ಮತ್ತು ಪರಿಹಾರ ಎರಡೂ ಜೊತೆಗೆ ಹೋದದ್ದರಿಂದಲೇ ಅದು ನಡೆಯಿತು ಎಂದು ನನ್ನ ತಿಳಿವಳಿಕೆ. ನಮ್ಮಲ್ಲಿ ಮಾತಿಗೆ ಬರವಿಲ್ಲ. ನೂಲ ಹುಣ್ಣಿಮೆಗೆ ಕಡಲಿಗೆ ಹಾಲೆರೆಯುವ ದಿನ ಎರಡು ನಿಮಿಷ ಮೈಕು ಕೇಳಿಕೊಂಡು ಆಮೆಯ ವಿಷಯ ಹೇಳುತ್ತೇನೆ. ಕೂರ್ಮಾವತಾರವನ್ನು ನಾನು ಎತ್ತುವುದೇ ಬೇಡ, ಅವರೇ ಎತ್ತುತ್ತಾರೆ. ಬಲೆಯಲ್ಲಿ ಸಿಕ್ಕ ಆಮೆಗೆ ಕೈಮುಗಿದು ಬಿಡುವವರು ನಮ್ಮಲ್ಲಿ ಬೇಕಾದಷ್ಟು ಮಂದಿ.

ಅವರಿಗೆ ಗೊತ್ತಿಲ್ಲದೆ ಇದ್ದದ್ದು ಒಂದು ಸಣ್ಣ ಸಂಗತಿ. ಬಲೆಯಿಂದ ತೆಗೆದ ಆಮೆ ಅಲುಗಾಡದಿದ್ದರೆ ಸತ್ತಿತೆಂದು ನೀರಿಗೆ ಎಸೆಯುತ್ತಿದ್ದರು. ಅದು ಎಷ್ಟೋ ಸಲ ಸತ್ತಿರುವುದಿಲ್ಲ, ಮೂರ್ಛೆ ಅಷ್ಟೇ. ಹಾಗೇ ಎಸೆದರೆ ಮುಳುಗಿ ನಿಜವಾಗಿಯೂ ಸಾಯುತ್ತದೆ. ಹೊಟ್ಟೆ ಕೆಳಗೆ ಮಾಡಿ ಮಲಗಿಸಿ, ಹಿಂಭಾಗದ ಅಡಿಗೆ ಟಯರೋ ಬಲೆಯ ಮುದ್ದೆಯೋ ಕೊಟ್ಟು ಎತ್ತರಿಸಿ, ಶ್ವಾಸಕೋಶದ ನೀರು ಇಳಿಯಲು ಬಿಟ್ಟು, ನೆರಳಲ್ಲಿ ಒದ್ದೆ ಚೀಲ ಹೊದಿಸಿ ಇಡಬೇಕು. ಮೂಗು ಮುಚ್ಚಬಾರದು. ಕೆಲವು ಗಂಟೆ ಬೇಕಾಗಬಹುದು, ಒಂದು ಇಡೀ ದಿನವೂ ಬೇಕಾಗಬಹುದು. ಎಚ್ಚರವಾದ ಮೇಲೆ ಎಂಜಿನ್ ನ್ಯೂಟ್ರಲ್ ಮಾಡಿ ಮೆಲ್ಲನೆ ಇಳಿಸಬೇಕು. ಇದಕ್ಕೆ ದುಡ್ಡು ಬೇಡ, ಮೀನೂ ಹೋಗುವುದಿಲ್ಲ. ಐಸ್ ತುಂಬುವ ಹೊತ್ತಿನಲ್ಲಿ ಹೇಳಿ ಮುಗಿಸಬಹುದಾದಷ್ಟು ವಿಷಯ. ನಾನು ಕೊಟ್ಟ ತಿಳಿವಳಿಕೆಯಲ್ಲೆಲ್ಲ ಬೇಗ ಹಬ್ಬಿದ್ದು ಇದೇ. ಡೆಕ್ಕಿನಲ್ಲಿ ಮಲಗಿದ ಆಮೆಯ ವಿಡಿಯೋ ಈಗ ಅವರೇ ಕಳಿಸುತ್ತಾರೆ, "ಇನ್ನೂ ಎದ್ದಿಲ್ಲ, ಎಂತ ಮಾಡುದ್?" ಎಂದು.

ಇನ್ನು ಪುಸ್ತಕ. ತಾರೀಕು, ಜಾಗ, ಫೋನಿನಲ್ಲಿ ಕಾಣುವ ಅಕ್ಷಾಂಶ ರೇಖಾಂಶ, ನೀರಿನ ಗೆರೆಯಿಂದ ದೂರ, ಯಾರು ಹೇಳಿದರು, ಗೂಡು ಬಿಟ್ಟದ್ದೋ ಸಾಗಿಸಿದ್ದೋ, ಎಷ್ಟು ಮರಿ ಹೋದವು. ದಡಕ್ಕೆ ಬಂದ ಸತ್ತ ಆಮೆಗೂ ಒಂದು ಸಾಲು. ಜೊತೆಯ ಹುಡುಗರಿಗೆ ಇದು ಬೇಸರದ ಕೆಲಸ. ನನಗೆ ಇದರ ಬೆಲೆ ಗೊತ್ತಾದದ್ದು ಕಡಲ್ಕೊರೆತದ ತಡೆಗೋಡೆಯ ಸಭೆಯಲ್ಲಿ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯಲ್ಲಿ ಆಮೆ ಮೊಟ್ಟೆಯಿಡುವ ಜಾಗಕ್ಕೆ ಅತಿ ಸೂಕ್ಷ್ಮವಾದ ಒಂದು-ಎ ವರ್ಗ. ಆದರೆ ಅಲ್ಲಿ ಆಮೆ ಬರುತ್ತದೆ ಎಂದು ಕಾಗದದಲ್ಲಿ ಇರಬೇಕಲ್ಲ. ಬರೆದಿಡದ ಗೂಡು ಸರಕಾರದ ಕಣ್ಣಿಗೆ ಬೀಳುವುದಿಲ್ಲ.

ಆ ಸಭೆಯಲ್ಲಿ ಒಬ್ಬ ಅಮ್ಮ ಎದ್ದು ನಿಂತು ಕೇಳಿದರು, "ನಿಮ್ಗ್ ಆಮಿ ದೊಡ್ದಾ, ನನ್ ಮನಿ ದೊಡ್ದಾ?" ಅವರ ತೆಂಗಿನ ಮರಗಳು ಹಿಂದಿನ ಮಳೆಗಾಲದಲ್ಲೇ ಕಡಲ ಪಾಲಾಗಿದ್ದವು. ಮನೆಯೇ ದೊಡ್ಡದು ಎಂದೆ. ಆಮೇಲೆ ಪುಸ್ತಕ ಬಿಡಿಸಿ ತೋರಿಸಿದೆ: ಅವರ ಮನೆಯ ಮುಂದೆ ಒಂದೂ ಗೂಡಿಲ್ಲ, ಬಹುಪಾಲು ಇರುವುದು ಗಾಳಿಮರದ ತೋಪಿನ ಎದುರಿನ ಮರಳಿನಲ್ಲಿ, ಅಲ್ಲಿ ಮನೆಯೇ ಇಲ್ಲ. ಮನೆಗಳ ಮುಂದೆ ಕಲ್ಲು ಹಾಕಿ, ತೋಪಿನ ಎದುರು ಬಿಡಿ. ಒಂದೇ ಉದ್ದಕ್ಕೆ ಕಲ್ಲು ಸುರಿದರೆ ಆಮೆ ಹತ್ತುವುದು ಹಾಗಿರಲಿ, ಕೈರಂಪಣಿ ಎಳೆಯಲೂ ದೋಣಿ ಹತ್ತಿಸಲೂ ಜಾಗವಿರುವುದಿಲ್ಲ. ಈ ಕೊನೆಯ ಮಾತಿಗೆ ಹಿಂದಿನ ಬೆಂಚುಗಳಿಂದ ಹೌದು ಹೌದು ಎಂಬ ದನಿ ಬಂತು. ಎಂಜಿನಿಯರು ಪುಟಗಳ ಝೆರಾಕ್ಸ್ ಕೇಳಿದರು.

ಕೊಟ್ಟಿದ್ದೇನೆ. ಒಂದು ಪ್ರತಿ ಅರಣ್ಯ ಇಲಾಖೆಗೆ, ಒಂದು ಪಂಚಾಯಿತಿಗೆ. ತಡೆಗೋಡೆಯ ನಕ್ಷೆ ಇನ್ನೂ ಅಂತಿಮವಾಗಿಲ್ಲ. ಈ ಡಿಸೆಂಬರ್‌ನ ಸಾಲುಗಳನ್ನು ಸೇರಿಸಿ ಮತ್ತೊಮ್ಮೆ ಕೊಡಬೇಕು. ನಿಮ್ಮ ಊರಿನ ಮರಳಿನಲ್ಲಿ ಜಾಡು ಕಂಡರೆ ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ, ಮತ್ತೆ ತಾರೀಕು, ಜಾಗ ಒಂದು ಕಡೆ ಬರೆದಿಡಿ.